ಜೆಂಡರ್ ಡಿಸ್ಫೋರಿಯಾ: ಚಿಕಿತ್ಸೆ ಮತ್ತು ಸಂಶೋಧನೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳು ಎದೆಗೆ ಬಿಗಿಯಾಗಿ ಬ್ಯಾಂಡೇಜ್ ಸುತ್ತಿಕೊಂಡು ಕಾಲೇಜಿಗೆ ಹೋಗುವುದನ್ನು ಕಂಡ ತಾಯಿ. ಮಗನ ಬ್ಯಾಗಿನಲ್ಲಿ ಗರ್ಭನಿರೋಧಕ ಮಾತ್ರೆ ಸಿಕ್ಕಿ ಕಂಗಾಲಾದ ತಂದೆ. ವರ್ಷಗಟ್ಟಲೆ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡವರು. ಇವರೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಹುಡುಕಿದರೆ ಸಿಗುವ ಉತ್ತರಗಳಲ್ಲಿ ಕೆಲವು ಸುಮ್ನೆ ಹೆದರಿಸುತ್ತವೆ, ಕೆಲವು "ಏನೂ ಯೋಚನೆ ಬೇಡ" ಅಂತ ಬೆನ್ನು ತಟ್ಟುತ್ತವೆ. ಎರಡರಿಂದಲೂ ಉಪಯೋಗವಿಲ್ಲ. ವೈದ್ಯಕೀಯಕ್ಕೆ ಏನು ಗೊತ್ತಿದೆ, ಏನು ಇನ್ನೂ ಇತ್ಯರ್ಥವಾಗಿಲ್ಲ, ಈಗ ಮಾಡಬೇಕಾದ್ದೇನು ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದ್ದೇನೆ. ಔಷಧದ ಡೋಸ್ ಬೇಕಂತಲೇ ಬರೆದಿಲ್ಲ. ಅದನ್ನು ನಿಮ್ಮ ರಕ್ತಪರೀಕ್ಷೆ ನೋಡಿದ ವೈದ್ಯರೇ ಹೇಳಬೇಕು.

ಜೆಂಡರ್ ಡಿಸ್ಫೋರಿಯಾ ಅಂದರೆ ಏನು?

ಹುಟ್ಟಿದ ಮಗುವಿನ ಮೈ ನೋಡಿ ಗಂಡು ಅಥವಾ ಹೆಣ್ಣು ಅಂತ ಬರೆಯುತ್ತಾರೆ. ಬಹಳ ಜನಕ್ಕೆ ಅದರಲ್ಲಿ ಯಾವ ತಕರಾರೂ ಇರುವುದಿಲ್ಲ. ಕೆಲವರಿಗೆ ಮಾತ್ರ ತಾನು ಅದಲ್ಲ ಅನ್ನುವುದು ಗಟ್ಟಿಯಾಗಿ ಅನಿಸುತ್ತದೆ. ಒಳಗಿನ ಆ ಅರಿವಿಗೂ ಹೊರಗಿನ ಮೈಗೂ ತಾಳೆಯಾಗದೆ ಹುಟ್ಟುವ ಸಂಕಟಕ್ಕೆ ವೈದ್ಯರು ಇಟ್ಟ ಹೆಸರು ಜೆಂಡರ್ ಡಿಸ್ಫೋರಿಯಾ.

ದಿನನಿತ್ಯದಲ್ಲಿ ಇದು ಹೇಗೆ ಕಾಣುತ್ತದೆ? ದೀಪ ಆರಿಸಿ ಸ್ನಾನ ಮಾಡುತ್ತಾರೆ. ಹಾಜರಿ ಕೂಗುವಾಗ ತಮ್ಮ ಹೆಸರು ಬಂದರೆ ಮುದುಡಿಕೊಳ್ಳುತ್ತಾರೆ. ಮುಟ್ಟಾದ ದಿನಗಳಲ್ಲಿ ಕೋಣೆಯಿಂದ ಹೊರಗೆ ಬರುವುದಿಲ್ಲ. ಶಾಲೆಯ ಶೌಚಾಲಯಕ್ಕೆ ಹೋಗಲಾರದೆ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಮನೆಯವರಿಗೆ ಇವು ಹಟ, ಸೋಮಾರಿತನ ಅಂತ ಕಾಣುತ್ತವೆ.

ಹುಡುಗ ಒಮ್ಮೆ ಅಕ್ಕನ ಸೀರೆ ಉಟ್ಟ ಅಂದಮಾತ್ರಕ್ಕೆ, ಹುಡುಗಿ ಕ್ರಾಪು ಮಾಡಿಸಿಕೊಂಡಳು ಅಂದಮಾತ್ರಕ್ಕೆ ಇದು ಡಿಸ್ಫೋರಿಯಾ ಆಗುವುದಿಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿಯಾದ ಡಿಎಸ್‌ಎಂ-5ರ ಪ್ರಕಾರ ಈ ಭಾವನೆ ಕನಿಷ್ಠ 6 ತಿಂಗಳು ಇರಬೇಕು, ಅದರಿಂದ ಬದುಕಿಗೆ ತೊಂದರೆಯಾಗುತ್ತಿರಬೇಕು. ಒಳಗಿನ ಅರಿವು ಹುಟ್ಟಿದಾಗ ಬರೆದದ್ದಕ್ಕೆ ತಾಳೆಯಾಗದವರನ್ನು ಟ್ರಾನ್ಸ್ ವ್ಯಕ್ತಿಗಳು ಎನ್ನುತ್ತಾರೆ. ಅವರೆಲ್ಲರಿಗೂ ಈ ಸಂಕಟ ಇದ್ದೇ ಇರುತ್ತದೆ ಅಂತಲೂ ಇಲ್ಲ.

ಹಾಗಾದರೆ ಇದು ಮಾನಸಿಕ ಕಾಯಿಲೆಯಾ?

ಅಲ್ಲ. ಟ್ರಾನ್ಸ್ ಆಗಿರುವುದು ಕಾಯಿಲೆಯಲ್ಲ ಎಂಬ ಮಾತಿಗೆ ವೈದ್ಯಕೀಯ ಲೋಕ ನಿಧಾನವಾಗಿ ಬಂತು. ಮೊದಲು ಪಟ್ಟಿಯಲ್ಲಿ ಇದ್ದದ್ದು "ಲಿಂಗ ಗುರುತಿನ ವಿಕಾರ" ಎಂಬ ಅರ್ಥದ ಹೆಸರು. 2013ರ ಡಿಎಸ್‌ಎಂ-5 ಅದನ್ನು ತೆಗೆದು ಡಿಸ್ಫೋರಿಯಾ ಎಂದಿತು. ಅಂದರೆ ಗಮನ ಕೊಡಬೇಕಾದ್ದು ಸಂಕಟಕ್ಕೆ, ಗುರುತಿಗಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಕಾಯಿಲೆಗಳ ಪಟ್ಟಿಯಾದ ಐಸಿಡಿ-11, 2022ರಿಂದ ಜಾರಿಗೆ ಬಂತು. ಅದು ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದಲೇ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿತು. ಪುಸ್ತಕದಿಂದ ಪೂರ್ತಿ ತೆಗೆಯಲಿಲ್ಲ. ತೆಗೆದರೆ ಯಾವ ಆಸ್ಪತ್ರೆಯೂ ಚಿಕಿತ್ಸೆಯ ಕಡತ ತೆರೆಯುವಂತಿಲ್ಲ, ಯಾವ ವಿಮೆಯೂ ದುಡ್ಡು ಕೊಡುವಂತಿಲ್ಲ.

ಖಿನ್ನತೆ, ಆತಂಕ ಇವರಲ್ಲಿ ಜಾಸ್ತಿ ಕಾಣುವುದು ನಿಜ. ಒಂದಷ್ಟು ಮೈಯ ಸಂಕಟದಿಂದ ಬಂದದ್ದು, ಒಂದಷ್ಟು ಮನೆ, ಬೀದಿ, ತರಗತಿಯಲ್ಲಿ ತಿಂದ ಏಟಿನಿಂದ ಬಂದದ್ದು. ಎರಡಕ್ಕೂ ಚಿಕಿತ್ಸೆ ಬೇಕು.

ರಕ್ತಪರೀಕ್ಷೆ, ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದಾ?

ಗೊತ್ತಾಗುವುದಿಲ್ಲ. ಅವಳಿಗಳ ಮೇಲೆ, ಮೆದುಳಿನ ಚಿತ್ರಗಳ ಮೇಲೆ ಸಂಶೋಧನೆ ನಡೆದಿದೆ, ಹುಟ್ಟಿನಿಂದ ಬಂದ ಅಂಶವೂ ಇರಬಹುದು ಎಂಬ ಸೂಚನೆ ಇದೆ. ಆದರೆ ಒಬ್ಬರ ಮೆದುಳಿನ ಎಂಆರ್‌ಐ ನೋಡಿ "ಇವರು ಟ್ರಾನ್ಸ್" ಎಂದು ಹೇಳುವ ಪರೀಕ್ಷೆ ಜಗತ್ತಿನಲ್ಲಿ ಎಲ್ಲೂ ಇಲ್ಲ. "ಹಾರ್ಮೋನ್ ನಾರ್ಮಲ್ ಇದೆ, ಹಾಗಾಗಿ ನಾಟಕ" ಎನ್ನುವುದು ತಪ್ಪು ತರ್ಕ. ಬಹುತೇಕ ಟ್ರಾನ್ಸ್ ವ್ಯಕ್ತಿಗಳ ಹಾರ್ಮೋನ್ ನಾರ್ಮಲ್ ಆಗಿಯೇ ಇರುತ್ತದೆ. ಚಿಕಿತ್ಸೆಗೆ ಮೊದಲು ರಕ್ತ ತೆಗೆಯುವುದು ಸಕ್ಕರೆ, ಲಿವರ್, ಕೊಬ್ಬು, ಹಿಮೊಗ್ಲೋಬಿನ್ ಸರಿ ಇದೆಯಾ ಎಂದು ನೋಡಲು.

ಮದುವೆ ಮಾಡಿದರೆ ಸರಿಹೋಗುತ್ತದಾ?

ಇಲ್ಲ. ಈ ಪ್ರಶ್ನೆಗೆ ಮೃದುವಾಗಿ ಉತ್ತರ ಹೇಳಲು ನನಗೆ ಮನಸ್ಸಿಲ್ಲ. ಮದುವೆ ಮಾಡಿಸಿದರೆ ಸಂಕಟ ಕಡಿಮೆಯಾಗುವುದಿಲ್ಲ, ಇನ್ನೊಬ್ಬರ ಬದುಕೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಏನೂ ಅರಿಯದ ಒಬ್ಬ ಹೆಣ್ಣುಮಗಳು ಅಥವಾ ಹುಡುಗ ವರ್ಷಗಟ್ಟಲೆ "ನನ್ನಲ್ಲೇ ಏನೋ ಕೊರತೆ" ಅಂತ ಕೊರಗುತ್ತಾರೆ. ಇದು ಅನ್ಯಾಯ ಅಲ್ವಾ?

ದೇವಿ ಕಾಟ ಇರಬಹುದು, ಗುಡಿಗೆ ಬಿಡಬೇಕು ಅನ್ನುತ್ತಾರಲ್ಲ?

ಉತ್ತರ ಕರ್ನಾಟಕದಲ್ಲಿ ಎಲ್ಲಮ್ಮ, ಹುಲಿಗೆಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿ ಜೋಗಪ್ಪ, ಜೋಗತಿ ಆಗುವ ಪರಂಪರೆ ಹಳೆಯದು. ಮನೆಯಲ್ಲಿ ಜಾಗ ಸಿಗದ ಎಷ್ಟೋ ಜನಕ್ಕೆ ಅದು ನೆಲೆ ಕೊಟ್ಟಿದೆ, ಹಾಡು ಕೊಟ್ಟಿದೆ, ಗೌರವವನ್ನೂ ಕೊಟ್ಟಿದೆ. ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆ ಪರಂಪರೆಯ ಬಗ್ಗೆ ನನಗೆ ಗೌರವವಿದೆ. ಆದರೆ ಮಗುವಿನ ಇಷ್ಟ ಕೇಳದೆ, ಶಾಲೆ ಬಿಡಿಸಿ, "ಇನ್ನು ನಮಗೂ ನಿನಗೂ ಸಂಬಂಧವಿಲ್ಲ" ಎಂದು ಕಳಿಸುವುದು ಭಕ್ತಿಯಲ್ಲ, ಕೈ ತೊಳೆದುಕೊಳ್ಳುವುದು. ದೇವಿಗೆ ನಡೆದುಕೊಳ್ಳುವವರೂ ವೈದ್ಯರ ಹತ್ತಿರ ಹೋಗಬಹುದು. ಒಂದಕ್ಕೆ ಇನ್ನೊಂದು ಅಡ್ಡಿಯಲ್ಲ.

"ಕೌನ್ಸೆಲಿಂಗ್ ಮಾಡಿ ಮೊದಲಿನ ತರ ಮಾಡಿಕೊಡುತ್ತೇವೆ" ಎನ್ನುವವರ ಹತ್ತಿರ ಹೋಗಬಹುದಾ?

ಬೇಡ. ಇದಕ್ಕೆ ಕನ್ವರ್ಷನ್ ಥೆರಪಿ ಎನ್ನುತ್ತಾರೆ. ಮಾತಿನ ಒತ್ತಡ, ನಿದ್ರೆ ಮಾತ್ರೆ, ವಿದ್ಯುತ್ ಶಾಕ್, ಕೂಡಿಹಾಕುವುದು ಎಲ್ಲ ಇದರಲ್ಲಿ ಬರುತ್ತದೆ. ಇದರಿಂದ ಗುರುತು ಬದಲಾಗುತ್ತದೆ ಎನ್ನಲು ಪುರಾವೆ ಇಲ್ಲ. 2021ರಲ್ಲಿ ಮದ್ರಾಸ್ ಹೈಕೋರ್ಟ್ ಇದನ್ನು ನಿಲ್ಲಿಸಬೇಕೆಂದಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದು ವೃತ್ತಿ ದುರ್ನಡತೆ ಎಂದು ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ಬರೆಯಿತು. ವೈದ್ಯರೊಬ್ಬರು ಹೀಗೆ ಮಾಡಿದರೆ ರಾಜ್ಯ ವೈದ್ಯಕೀಯ ಮಂಡಳಿಗೆ ದೂರು ಕೊಡಬಹುದು.

ಮನೋವೈದ್ಯರ ಹತ್ತಿರ ಹೋಗುವುದೇ ತಪ್ಪು ಅಂತ ಇದರರ್ಥವಲ್ಲ. ಒಳ್ಳೆಯ ಮನೋವೈದ್ಯರು ಯಾವ ಕಡೆಗೂ ತಳ್ಳುವುದಿಲ್ಲ. ಕೇಳಿಸಿಕೊಳ್ಳುತ್ತಾರೆ, ಖಿನ್ನತೆ ಇದ್ದರೆ ನೋಡುತ್ತಾರೆ, ಗೊಂದಲ ಇದ್ದರೆ ಸಮಯ ಕೊಡುತ್ತಾರೆ.

ಮೊದಲು ಯಾರನ್ನು ಕಾಣಬೇಕು? ಏನು ಕೇಳುತ್ತಾರೆ?

ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಮೊದಲ ಮೆಟ್ಟಿಲು. ಹಾರ್ಮೋನಿಗೆ ಎಂಡೋಕ್ರಿನಾಲಜಿಸ್ಟ್. ಆಮೇಲೆ ಬೇಕಿದ್ದರೆ ಪ್ಲಾಸ್ಟಿಕ್ ಸರ್ಜನ್, ಯುರಾಲಜಿಸ್ಟ್, ಸ್ತ್ರೀರೋಗ ತಜ್ಞರು.

ಮೊದಲ ಭೇಟಿಯಲ್ಲಿ ಬಟ್ಟೆ ಬಿಚ್ಚಿಸಿ ಪರೀಕ್ಷೆ ಮಾಡಬೇಕಾದ ಅಗತ್ಯ ಸಾಮಾನ್ಯವಾಗಿ ಇಲ್ಲ. ಹಾಗೆ ಹೇಳಿದರೆ ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ. ಯಾವಾಗಿನಿಂದ ಹೀಗನಿಸುತ್ತಿದೆ, ಹರೆಯ ಬಂದಾಗ ಏನಾಯಿತು, ಯಾವ ಹೆಸರಿನಿಂದ ಕರೆಯಬೇಕು, ನಿದ್ರೆ ಊಟ ಹೇಗಿದೆ, ಜೀವ ತೆಗೆದುಕೊಳ್ಳುವ ಯೋಚನೆ ಬಂದಿದೆಯಾ, ಈಗಾಗಲೇ ಏನಾದರೂ ಮಾತ್ರೆ ತಗೊಂಡಿದ್ದೀರಾ ಎಂದು ಕೇಳುತ್ತಾರೆ. ಕೊನೆಯ ಪ್ರಶ್ನೆಗೆ ನಿಜ ಹೇಳಿ. ಮಾತ್ರೆಯ ಖಾಲಿ ಸ್ಟ್ರಿಪ್ ಇದ್ದರೆ ಅದನ್ನೇ ತಗೊಂಡು ಹೋಗಿ ತೋರಿಸಿ. ಆಟಿಸಂ ಇರುವವರಲ್ಲೂ ಜೆಂಡರ್ ಡಿಸ್ಫೋರಿಯಾ ಸ್ವಲ್ಪ ಜಾಸ್ತಿ ಕಾಣುತ್ತದೆ. ಅದನ್ನೂ ಗಮನಿಸುತ್ತಾರೆ. ಆದರೆ ಆಟಿಸಂ ಇದೆ ಎಂಬ ಕಾರಣಕ್ಕೆ ಬಾಗಿಲು ಮುಚ್ಚುವಂತಿಲ್ಲ.

ಹಾರ್ಮೋನ್ ತಗೊಂಡರೆ ಏನೇನು ಬದಲಾಗುತ್ತದೆ?

ಹುಟ್ಟಿದಾಗ ಹೆಣ್ಣು ಅಂತ ಬರೆಸಿಕೊಂಡು, ತಾನು ಗಂಡು ಎಂದು ಅರಿತವರು ಟ್ರಾನ್ಸ್ ಪುರುಷರು. ಅವರಿಗೆ ಕೊಡುವುದು ಗಂಡು ಹಾರ್ಮೋನ್ ಆದ ಟೆಸ್ಟೋಸ್ಟೆರಾನ್. ಚರ್ಮ ಎಣ್ಣೆಯಾಗುತ್ತದೆ, ಮೊಡವೆ ಬರುತ್ತವೆ. ಕೆಲವು ತಿಂಗಳಲ್ಲಿ ಮುಟ್ಟು ನಿಲ್ಲುತ್ತದೆ. ಧ್ವನಿ ಒಡೆದು ದಪ್ಪವಾಗುತ್ತದೆ. ಗಡ್ಡ ಮೀಸೆ ನಿಧಾನವಾಗಿ, ವರ್ಷಗಳಲ್ಲಿ ಬರುತ್ತವೆ. ಅಪ್ಪನ ತಲೆ ಬೋಳಾಗಿದ್ದರೆ ಇವರದ್ದೂ ಆಗಬಹುದು. ಔಷಧ ನಿಲ್ಲಿಸಿದರೆ ಮುಟ್ಟು ಮತ್ತೆ ಬರಬಹುದು, ಕೊಬ್ಬು ಮೊದಲಿನ ಜಾಗಕ್ಕೆ ತಿರುಗಬಹುದು. ಒಡೆದ ಧ್ವನಿ ಮಾತ್ರ ಹಿಂದಕ್ಕೆ ಹೋಗುವುದಿಲ್ಲ.

ಇದಕ್ಕೆ ತಿರುಗುಮುರುಗಾದವರು ಟ್ರಾನ್ಸ್ ಮಹಿಳೆಯರು. ಅವರಿಗೆ ಹೆಣ್ಣು ಹಾರ್ಮೋನ್ ಆದ ಎಸ್ಟ್ರಾಡಿಯಾಲ್, ಜೊತೆಗೆ ಟೆಸ್ಟೋಸ್ಟೆರಾನ್ ತಗ್ಗಿಸುವ ಇನ್ನೊಂದು ಔಷಧ. ಚರ್ಮ ಮೃದುವಾಗುತ್ತದೆ, ಸ್ತನ ಬೆಳೆಯುತ್ತದೆ. ಆ ಬೆಳವಣಿಗೆ ಪೂರ್ತಿಯಾಗಲು 2ರಿಂದ 3 ವರ್ಷ ಬೇಕು. ಡೋಸ್ ಡಬಲ್ ಮಾಡಿದರೆ ಬೇಗ ಬೆಳೆಯುವುದಿಲ್ಲ, ಅಪಾಯ ಮಾತ್ರ ಬೇಗ ಬರುತ್ತದೆ. ಎಸ್ಟ್ರಾಡಿಯಾಲ್‌ನಿಂದ ಧ್ವನಿ ತೆಳುವಾಗುವುದಿಲ್ಲ, ಬಂದಿರುವ ಗಡ್ಡ ಹೋಗುವುದಿಲ್ಲ. ಗಡ್ಡಕ್ಕೆ ಲೇಸರ್ ಅಥವಾ ಎಲೆಕ್ಟ್ರಾಲಿಸಿಸ್, ಧ್ವನಿಗೆ ವಾಕ್ ತರಬೇತಿ. ಇದನ್ನು ಮೊದಲೇ ಹೇಳದ ಕಾರಣಕ್ಕೆ ನಿರಾಸೆಯಾದವರು ಬಹಳ.

ಮೊದಲ ವರ್ಷ ಸುಮಾರು 3 ತಿಂಗಳಿಗೊಮ್ಮೆ ತಪಾಸಣೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ. ಟೆಸ್ಟೋಸ್ಟೆರಾನ್ ತಗೊಳ್ಳುವವರು ರಿಪೋರ್ಟಿನಲ್ಲಿ ಹೆಮಟೋಕ್ರಿಟ್ ಎಂಬ ಸಾಲನ್ನು ನೋಡಬೇಕು. ಅದು ರಕ್ತದಲ್ಲಿ ಕೆಂಪುಕಣದ ಪಾಲು. ಜಾಸ್ತಿಯಾದರೆ ರಕ್ತ ಗಟ್ಟಿಯಾಗುತ್ತದೆ, ವೈದ್ಯರು ಡೋಸ್ ಬದಲಿಸುತ್ತಾರೆ. ಟೆಸ್ಟೋಸ್ಟೆರಾನ್ ತಗ್ಗಿಸಲು ಸ್ಪಿರೋನೊಲ್ಯಾಕ್ಟೋನ್ ತಗೊಳ್ಳುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು. ಅದೇ ಕೆಲಸದ ಇನ್ನೊಂದು ಔಷಧ ಸೈಪ್ರೊಟೆರೋನ್ ಅನ್ನು ಹೆಚ್ಚು ಡೋಸ್‌ನಲ್ಲಿ ತುಂಬಾ ಕಾಲ ತಗೊಂಡರೆ ಮೆದುಳಿನ ಪೊರೆಯಲ್ಲಿ ಮೆನಿಂಜಿಯೋಮಾ ಎಂಬ ಗಡ್ಡೆಯ ಅಪಾಯ ಏರುತ್ತದೆ. ಹಾಗಾಗಿಯೇ 2020ರಲ್ಲಿ ಯುರೋಪಿನ ಔಷಧ ಸಂಸ್ಥೆ ಅದರ ಬಳಕೆಗೆ ಮಿತಿ ಹಾಕಿತು. ಹಳೆಯ ಚೀಟಿ ತೋರಿಸಿ ಅದೇ ಮಾತ್ರೆ ವರ್ಷಗಟ್ಟಲೆ ತಗೊಳ್ಳುವವರು ಇದನ್ನು ವೈದ್ಯರ ಹತ್ತಿರ ಕೇಳಲೇಬೇಕು.

ಮೆಡಿಕಲ್ ಶಾಪಿನಿಂದ ನಾವೇ ತಂದು ತಗೊಂಡರೆ ಏನಾಗುತ್ತದೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮಲ್ಲಿ ಜಾಸ್ತಿ ಹಾನಿ ಆಗುತ್ತಿರುವುದು ಇಲ್ಲೇ.

ಮಾಲಾ-ಡಿ ತರಹದ ಗರ್ಭನಿರೋಧಕ ಮಾತ್ರೆ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಯಾರೂ ಏನೂ ಕೇಳುವುದಿಲ್ಲ. ಗೆಳತಿಯೊಬ್ಬಳು ಹೇಳಿದಳು ಅಂತ ಶುರುವಾಗುತ್ತದೆ. ಆ ಮಾತ್ರೆಯಲ್ಲಿರುವುದು ಎಥಿನಿಲ್ ಎಸ್ಟ್ರಾಡಿಯಾಲ್. ಇದು ಮೈ ತಾನೇ ತಯಾರಿಸುವ ಎಸ್ಟ್ರಾಡಿಯಾಲ್ ಅಲ್ಲ. ಒಂದು ಮಾತ್ರೆಯಲ್ಲಿ ಪ್ರಮಾಣ ಕಮ್ಮಿ ಎಂದು ದಿನಕ್ಕೆ ಹಲವು ನುಂಗುತ್ತಾರೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಆಮ್‌ಸ್ಟರ್‌ಡ್ಯಾಮಿನ ವೈದ್ಯರೂ ಒಂದು ಕಾಲದಲ್ಲಿ ಎಥಿನಿಲ್ ಎಸ್ಟ್ರಾಡಿಯಾಲ್ ಕೊಡುತ್ತಿದ್ದರು. ರಕ್ತ ಹೆಪ್ಪುಗಟ್ಟುವುದು ಜಾಸ್ತಿ ಕಂಡು ಅದನ್ನು ಬಿಟ್ಟರು. ಅವರು ಕೈಬಿಟ್ಟದ್ದನ್ನು ನಮ್ಮ ಮಕ್ಕಳು ಇವತ್ತಿಗೂ ಕದ್ದು ನುಂಗುತ್ತಿದ್ದಾರೆ. ಬೀಡಿ ಸಿಗರೇಟು ಸೇರಿದರೆ ಅಪಾಯ ಇನ್ನೂ ಏರುತ್ತದೆ.

ಮೀನಖಂಡದಲ್ಲಿ ಒಂದೇ ಕಾಲಿಗೆ ನೋವು ಮತ್ತು ಊತ, ಇದ್ದಕ್ಕಿದ್ದಂತೆ ಎದೆನೋವು, ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ನೇರ ಕ್ಯಾಶುವಾಲ್ಟಿಗೆ ಹೋಗಿ. ಏನು ಮಾತ್ರೆ ತಗೊಂಡಿದ್ದೀರಿ ಎಂದು ಬಾಯಿಬಿಟ್ಟು ಹೇಳಿ.

ಟೆಸ್ಟೋಸ್ಟೆರಾನ್ ಕಡೆಯ ಕಥೆ ಬೇರೆ. ಅದು ಜಿಮ್‌ಗಳ ಮೂಲಕ ಬರುತ್ತದೆ. ಬಾಟಲಿಯಲ್ಲಿ ಏನಿದೆ ಎನ್ನುವುದಕ್ಕೆ ಖಾತ್ರಿ ಇಲ್ಲ, ಸೂಜಿಯನ್ನು ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಅಪಾಯ.

ಮನೆಯವರಿಗೆ ಒಂದು ಮಾತು. ಸ್ಟ್ರಿಪ್ ಸಿಕ್ಕಿದರೆ ಕಿತ್ತುಕೊಂಡು ಎಸೆದು ಹೊಡೆಯಬೇಡಿ. ನಾಳೆ ಅದು ಇನ್ನೊಂದು ಅಂಗಡಿಯಲ್ಲಿ ಸಿಗುತ್ತದೆ, ನಿಮಗೆ ಗೊತ್ತಾಗುವುದಿಲ್ಲ ಅಷ್ಟೆ. "ವೈದ್ಯರ ಹತ್ತಿರ ನಾನೂ ಬರುತ್ತೇನೆ" ಎಂದು ಹೇಳಿ.

ಎದೆಗೆ ಬ್ಯಾಂಡೇಜ್ ಸುತ್ತಿಕೊಳ್ಳಬಹುದಾ?

ಮೊಣಕಾಲಿಗೆ ಸುತ್ತುವ ಕ್ರೇಪ್ ಬ್ಯಾಂಡೇಜ್ ಬೇಡ. ಉಸಿರು ಎಳೆದಾಗ ಅದು ಸಡಿಲವಾಗುವ ಬದಲು ಬಿಗಿಯಾಗುತ್ತಾ ಹೋಗುತ್ತದೆ. ಪಕ್ಕೆಲುಬು ನೋವು, ಚರ್ಮ ಸುಲಿಯುವುದು, ಮೆಟ್ಟಿಲು ಹತ್ತಿದರೆ ಏದುಸಿರು, ಇವೆಲ್ಲ ಅದರಿಂದಲೇ. ಎದೆ ಚಪ್ಪಟೆಯಾಗಿ ಕಾಣಲೆಂದೇ ಹೊಲಿದ, ಅಳತೆಗೆ ಸರಿಯಾದ ಬೈಂಡರ್ ಎಂಬ ಒಳಉಡುಪು ಅಥವಾ ಸ್ಪೋರ್ಟ್ಸ್ ಬ್ರಾ ವಾಸಿ. ದಿನಕ್ಕೆ 8 ಗಂಟೆ ಮೀರಬೇಡಿ, ಹಾಕಿಕೊಂಡು ಮಲಗಬೇಡಿ.

ಶಸ್ತ್ರಚಿಕಿತ್ಸೆ ಮಾಡಿಸಲೇಬೇಕಾ? "ನಿರ್ವಾಣ" ಮಾಡಿಸಿಕೊಂಡವರ ಕಥೆ ಏನು?

ಮಾಡಿಸಲೇಬೇಕೆಂದಿಲ್ಲ. ಕೆಲವರಿಗೆ ಹೆಸರು, ಬಟ್ಟೆ ಬದಲಾದರೆ ಸಾಕು. ಕೆಲವರಿಗೆ ಹಾರ್ಮೋನ್ ಸಾಕು. ಕೆಲವರಿಗೆ ಎದೆಯ ಶಸ್ತ್ರಚಿಕಿತ್ಸೆಯೊಂದೇ ಬೇಕು. ಗುರುತು ಪಡೆಯಲು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಯಾರನ್ನೂ ಒತ್ತಾಯಿಸಬಾರದು ಎಂದು ಸುಪ್ರೀಂ ಕೋರ್ಟ್ 2014ರ ನಾಲ್ಸಾ ತೀರ್ಪಿನಲ್ಲಿ ಹೇಳಿತ್ತು.

ಮಾಡಿಸಿಕೊಳ್ಳುವುದಾದರೆ ವೈದ್ಯರು ಮೊದಲು ಮನೋವೈದ್ಯರ ಪತ್ರ ಕೇಳುತ್ತಾರೆ. ಜನನಾಂಗದ ಶಸ್ತ್ರಚಿಕಿತ್ಸೆಗೆ ಮೊದಲು ಹಾರ್ಮೋನ್ ತಗೊಳ್ಳುವವರಾದರೆ ಕನಿಷ್ಠ 6 ತಿಂಗಳು ತಗೊಂಡಿರಲಿ ಎನ್ನುತ್ತದೆ ಡಬ್ಲ್ಯುಪಾತ್ ಎಂಬ ಅಂತರರಾಷ್ಟ್ರೀಯ ವೈದ್ಯರ ಸಂಘದ 2022ರ ಮಾರ್ಗಸೂಚಿ. ಆಪರೇಷನ್ ಒಂದು ದಿನದ ಕೆಲಸ, ಆರೈಕೆ ಮಾತ್ರ ದೀರ್ಘ. ಯೋನಿ ರಚನೆ ಮಾಡಿಸಿಕೊಂಡವರು ಅದು ಮುಚ್ಚಿಕೊಳ್ಳದಂತೆ ಡೈಲೇಟರ್ ಎಂಬ, ಒಳಗೆ ಇಟ್ಟು ಹಿಗ್ಗಿಸುವ ಸಾಧನ ಬಳಸಬೇಕು. ಮೊದಮೊದಲು ದಿನಕ್ಕೆ ಹಲವು ಸಲ, ಆಮೇಲೆ ಕಡಿಮೆ, ಆದರೆ ಪೂರ್ತಿ ನಿಲ್ಲಿಸುವಂತಿಲ್ಲ. ಒಂಟಿ ರೂಮಿನಲ್ಲಿ ನೋಡಿಕೊಳ್ಳುವವರಿಲ್ಲದೆ ಇದನ್ನು ಮಾಡುವುದು ಕಷ್ಟ. ತಾಯಿಯೋ ಅಕ್ಕನೋ ಗುರುವೋ ಗೆಳೆಯರೋ, ಯಾರಾದರೂ ಒಬ್ಬರು ಮೊದಲ ಕೆಲವು ವಾರ ಜೊತೆಗಿರಲಿ.

ಮಂಗಳಮುಖಿಯರ ಸಮುದಾಯದೊಳಗೆ ದಾಯಮ್ಮ ಎಂಬ ಹಿರಿಯರ ಕೈಯಲ್ಲಿ ನಿರ್ವಾಣ, ಅಂದರೆ ಆಸ್ಪತ್ರೆಯ ಹೊರಗೆ ಜನನಾಂಗ ತೆಗೆಸಿಕೊಳ್ಳುವುದು, ಹಿಂದಿನಿಂದ ಬಂದದ್ದು. ಆಸ್ಪತ್ರೆಗಳು ಬಾಗಿಲು ತೆರೆಯದ ಕಾಲದಲ್ಲಿ ಜನ ಕಂಡುಕೊಂಡ ದಾರಿ ಅದು. ರಕ್ತಸ್ರಾವ, ಸೋಂಕಿನಿಂದ ಜೀವ ಹೋದದ್ದೂ ಉಂಟು. ಉಳಿದವರಲ್ಲಿ ಕೆಲವರಿಗೆ ಮೂತ್ರದ ದಾರಿ ಕಿರಿದಾಗಿರುತ್ತದೆ. ಮೂತ್ರದ ಧಾರೆ ಸಣ್ಣಗಾಗಿದ್ದರೆ, ಪದೇ ಪದೇ ಉರಿ ಇದ್ದರೆ ಯುರಾಲಜಿಸ್ಟ್ ಹತ್ತಿರ ಹೋಗಿ, ಇದಕ್ಕೆ ಚಿಕಿತ್ಸೆ ಇದೆ.

ಇನ್ನೊಂದು ವಿಷಯವನ್ನು ಯಾರೂ ಹೇಳಿರುವುದಿಲ್ಲ. ವೃಷಣ ತೆಗೆದ ಮೇಲೆ ಮೈಯಲ್ಲಿ ಟೆಸ್ಟೋಸ್ಟೆರಾನ್ ಇರುವುದಿಲ್ಲ. ಎಸ್ಟ್ರಾಡಿಯಾಲ್ ಕೂಡ ತಗೊಳ್ಳದಿದ್ದರೆ ಎರಡೂ ಇಲ್ಲದಂತಾಗುತ್ತದೆ, ಮೂಳೆ ಟೊಳ್ಳಾಗುತ್ತಾ ಬರುತ್ತದೆ. ಸೊಂಟನೋವಿಗೆ ಸುಮ್ನೆ ನೋವಿನ ಮಾತ್ರೆ ನುಂಗುತ್ತಿರುವ ನಡುವಯಸ್ಸಿನ ಮಂಗಳಮುಖಿಯರು ಒಮ್ಮೆ ಮೂಳೆ ಸಾಂದ್ರತೆ ಪರೀಕ್ಷೆ ಮಾಡಿಸಬೇಕು.

"ಪುರಾವೆ ದುರ್ಬಲ" ಎಂದು ಸುದ್ದಿ ಬರುತ್ತದೆ. ಹಾಗಾದರೆ ಈ ಚಿಕಿತ್ಸೆಯೆಲ್ಲ ಸುಳ್ಳಾ?

ಸುಳ್ಳಲ್ಲ. ಆದರೆ ಪ್ರಶ್ನೆ ನ್ಯಾಯವಾದದ್ದು.

ಸಂಶೋಧನೆಗಳನ್ನು ತೂಗುವವರು ಪುರಾವೆಗೆ ದರ್ಜೆ ಕೊಡುತ್ತಾರೆ. ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಔಷಧ, ಇನ್ನೊಂದಕ್ಕೆ ಖಾಲಿ ಮಾತ್ರೆ ಕೊಟ್ಟು, ಯಾರಿಗೆ ಯಾವುದು ಎಂದು ಯಾರಿಗೂ ತಿಳಿಯದಂತೆ ನಡೆಸಿದ ಪ್ರಯೋಗಕ್ಕೆ ಮೇಲಿನ ದರ್ಜೆ. ಇಲ್ಲಿ ಅದು ಆಗದ ಮಾತು. ಕೆಲವೇ ತಿಂಗಳಲ್ಲಿ ಧ್ವನಿ ಒಡೆದರೆ ಯಾರಿಗೆ ಔಷಧ ಸಿಕ್ಕಿದೆ ಎಂದು ಎಲ್ಲರಿಗೂ ತಿಳಿಯುತ್ತದೆ. ಹಾಗಾಗಿ ಹೆಚ್ಚಿನ ಅಧ್ಯಯನಗಳು ಒಂದೇ ಗುಂಪನ್ನು ಚಿಕಿತ್ಸೆಗೆ ಮೊದಲು, ಆಮೇಲೆ ಎಂದು ನೋಡಿದವು. ಅವು ಚಿಕ್ಕವು, ಕಡಿಮೆ ಅವಧಿಯವು. ಮಧ್ಯೆ ಬಿಟ್ಟುಹೋದವರೂ ಇದ್ದಾರೆ. ಇಂಥವಕ್ಕೆ "ಕಡಿಮೆ ಖಚಿತತೆ" ಎಂಬ ದರ್ಜೆ ಸಿಗುತ್ತದೆ. ಫಲ ಇಲ್ಲ ಎಂದು ಅದರ ಅರ್ಥವಲ್ಲ. ನಿಜವಾದ ಫಲ ನಾವು ಅಂದಾಜು ಮಾಡಿದ್ದಕ್ಕಿಂತ ಜಾಸ್ತಿಯೋ ಕಡಿಮೆಯೋ ಇರಬಹುದು ಎಂದರ್ಥ.

ಸಂಶೋಧನೆ ಇಷ್ಟು ಹಿಂದೆ ಬೀಳಲು ಇತಿಹಾಸವೂ ಕಾರಣ. ಮ್ಯಾಗ್ನಸ್ ಹಿರ್ಷ್‌ಫೆಲ್ಡ್ 1919ರಲ್ಲೇ ಬರ್ಲಿನ್ನಿನಲ್ಲಿ ಲೈಂಗಿಕ ವಿಜ್ಞಾನ ಸಂಸ್ಥೆ ತೆರೆದಿದ್ದರು. ಟ್ರಾನ್ಸ್ ಜನ ಅಲ್ಲಿ ನೆರವು ಹುಡುಕಿಕೊಂಡು ಬರುತ್ತಿದ್ದರು. 1933ರ ಮೇ ತಿಂಗಳಲ್ಲಿ ನಾಜಿಗಳು ಅದನ್ನು ಲೂಟಿ ಮಾಡಿ ಪುಸ್ತಕ ಸುಟ್ಟರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ 1966ರಲ್ಲಿ ಶುರು ಮಾಡಿದ ಕ್ಲಿನಿಕ್ 1979ರಲ್ಲಿ ಮುಚ್ಚಿತು. ನಮ್ಮ ದೇಶದಲ್ಲಂತೂ ಈ ಸಮುದಾಯದ ಮೇಲೆ ನಡೆದ ಅಧ್ಯಯನಗಳಲ್ಲಿ ಬಹುಪಾಲು ಎಚ್‌ಐವಿಯ ಸುತ್ತಲೇ ಇವೆ. ನಮ್ಮ ಊಟ, ನಮ್ಮ ರಕ್ತಹೀನತೆ, ನಮ್ಮ ಸಕ್ಕರೆ ಕಾಯಿಲೆಯ ನಡುವೆ ಇಪ್ಪತ್ತು ವರ್ಷ ಹಾರ್ಮೋನ್ ತಗೊಂಡರೆ ಏನಾಗುತ್ತದೆ ಎಂದು ನಮ್ಮ ಜನರನ್ನೇ ನೋಡಿ ತಿಳಿಯಬೇಕು. ಇದಕ್ಕೆ ದುಡ್ಡು ಹಾಕುವವರು ಬೇಕು.

ಪ್ರಯೋಗ ಆಗಲೇ ಇಲ್ಲವೆಂದಲ್ಲ. 2023ರಲ್ಲಿ ಪ್ರಕಟವಾದ ಮೆಲ್ಬರ್ನಿನ ಅಧ್ಯಯನ ಒಂದು ಜಾಣ ದಾರಿ ಹಿಡಿಯಿತು. ಅಲ್ಲಿ ಹೇಗಿದ್ದರೂ ಸುಮಾರು 3 ತಿಂಗಳು ಕ್ಯೂ ಇತ್ತು. ಟೆಸ್ಟೋಸ್ಟೆರಾನ್ ಬೇಕೆಂದು ಬಂದ 64 ವಯಸ್ಕರಲ್ಲಿ ಅರ್ಧ ಜನಕ್ಕೆ ಕೂಡಲೇ ಕೊಟ್ಟರು, ಉಳಿದವರು ಎಂದಿನಂತೆ ಕಾದರು. 3 ತಿಂಗಳ ಕೊನೆಗೆ ಔಷಧ ಸಿಕ್ಕವರಲ್ಲಿ ಡಿಸ್ಫೋರಿಯಾ, ಖಿನ್ನತೆ, ಸಾಯುವ ಯೋಚನೆ ಮೂರೂ ಕಾದವರಿಗಿಂತ ಸ್ಪಷ್ಟವಾಗಿ ಕಡಿಮೆಯಾಗಿದ್ದವು. ಅಧ್ಯಯನ ಚಿಕ್ಕದು, ಅವಧಿ ಗಿಡ್ಡ, ಯಾರಿಗೆ ಔಷಧ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ತೂಕದ ಮಾತು.

ನನ್ನ ಅಭಿಪ್ರಾಯ ಇಷ್ಟು: ವಯಸ್ಕರ ವಿಷಯದಲ್ಲಿ ಇರುವ ಪುರಾವೆ ಚಿಕಿತ್ಸೆ ಕೊಡಲು ಸಾಕು, ಸಂಶೋಧನೆ ನಿಲ್ಲಿಸಲು ಸಾಲದು.

ಶಸ್ತ್ರಚಿಕಿತ್ಸೆ ಆದವರಲ್ಲಿ ಆತ್ಮಹತ್ಯೆ ಜಾಸ್ತಿ ಎಂದು ಸ್ವೀಡನ್ನಿನ ಅಧ್ಯಯನ ಹೇಳಿದೆಯಂತೆ?

2011ರ ಆ ಅಧ್ಯಯನ 1973ರಿಂದ 2003ರವರೆಗೆ ಶಸ್ತ್ರಚಿಕಿತ್ಸೆ ಆದ 324 ಜನರನ್ನು ನೋಡಿತು. ಅವರಲ್ಲಿ ಸಾವು, ಆತ್ಮಹತ್ಯೆ ಜಾಸ್ತಿ ಇತ್ತು, ನಿಜ. ಆದರೆ ಹೋಲಿಸಿದ್ದು ಸಾಮಾನ್ಯ ಜನರ ಜೊತೆ. ಚಿಕಿತ್ಸೆ ಸಿಗದ ಟ್ರಾನ್ಸ್ ಜನರ ಜೊತೆ ಅಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆಯಿಂದಲೇ ಹೀಗಾಯಿತು ಎಂದು ಅದರಿಂದ ಹೇಳಲಾಗದು. ಅಧ್ಯಯನ ಮಾಡಿದವರೇ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಆಪರೇಷನ್ ಮುಗಿಯಿತು ಎಂದು ಕೈಬಿಡದೆ ಆಮೇಲೂ ಮನಸ್ಸಿನ ಆರೈಕೆ ಕೊಡಬೇಕು ಎಂಬುದು ಅದರಿಂದ ಕಲಿಯಬೇಕಾದ ಪಾಠ.

ಮುಂದೆ ಪಶ್ಚಾತ್ತಾಪ ಪಟ್ಟರೆ?

ಆಮ್‌ಸ್ಟರ್‌ಡ್ಯಾಮಿನ ಕ್ಲಿನಿಕ್ 1972ರಿಂದ 2015ರವರೆಗೆ ಬಂದ 6,793 ಜನರ ದಾಖಲೆ ನೋಡಿತು. ವೃಷಣ ಅಥವಾ ಅಂಡಾಶಯ ತೆಗೆಸಿಕೊಂಡವರಲ್ಲಿ ಪಶ್ಚಾತ್ತಾಪ ದಾಖಲಾದದ್ದು ಶೇಕಡ 1ಕ್ಕಿಂತ ಕಡಿಮೆ. ಆ ಕ್ಲಿನಿಕ್ಕಿಗೆ ಮತ್ತೆ ಬಾರದೇ ಹೋದವರ ಮಾತು ಆ ಲೆಕ್ಕಕ್ಕೆ ಸಿಕ್ಕಿರಲಾರದು, ಅದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ.

ಮಧ್ಯದಲ್ಲಿ ನಿಲ್ಲಿಸುವವರೆಲ್ಲ ಪಶ್ಚಾತ್ತಾಪ ಪಟ್ಟವರಲ್ಲ. ದುಡ್ಡಿಲ್ಲದೆ, ಮನೆಯ ಒತ್ತಡಕ್ಕೆ, ಕೆಲಸ ಹೋಗುತ್ತದೆಂಬ ಭಯಕ್ಕೆ ನಿಲ್ಲಿಸುವವರಿದ್ದಾರೆ. ನಿಜವಾಗಿಯೂ "ಇದು ನನ್ನ ದಾರಿಯಲ್ಲ" ಎಂದು ಕಂಡುಕೊಂಡವರೂ ಇದ್ದಾರೆ. ಅವರನ್ನು ಸೋತವರು ಎಂದೋ ದ್ರೋಹಿಗಳು ಎಂದೋ ನೋಡುವುದು ಕ್ರೂರ. ಅವರಿಗೂ ವೈದ್ಯರು ಬೇಕು, ಅದೇ ಗೌರವ ಬೇಕು.

ನನ್ನ ಮಗುವಿಗೆ 13 ವರ್ಷ. ಹರೆಯ ತಡೆಯುವ ಇಂಜೆಕ್ಷನ್ ಕೊಡಿಸಬೇಕಾ?

ಜಗತ್ತಿನ ವೈದ್ಯರು ಇವತ್ತು ಒಮ್ಮತಕ್ಕೆ ಬಾರದಿರುವ ಪ್ರಶ್ನೆ ಇದು.

ಹರೆಯ ತಡೆಯುವ ಔಷಧಗಳನ್ನು ನೆದರ್ಲ್ಯಾಂಡ್ಸ್‌ನ ವೈದ್ಯರು 1990ರ ದಶಕದಿಂದ ಕೊಡತೊಡಗಿದರು. ಅವರ 2011ರ ವರದಿಯಲ್ಲಿ 70 ಮಕ್ಕಳಿದ್ದರು, 2014ರಲ್ಲಿ ಅವರಲ್ಲಿ 55 ಜನರ ಮುಂದಿನ ಸ್ಥಿತಿ ಬರೆದರು. ಫಲ ಚೆನ್ನಾಗಿತ್ತು. ಆದರೆ ಆ ಮಕ್ಕಳನ್ನು ಬಹಳ ಸೋಸಿ ಆರಿಸಿದ್ದರು. ಚಿಕ್ಕಂದಿನಿಂದ ಡಿಸ್ಫೋರಿಯಾ ಇದ್ದವರು, ಮನೆಯ ಬೆಂಬಲ ಇದ್ದವರು, ಬೇರೆ ದೊಡ್ಡ ಮಾನಸಿಕ ತೊಂದರೆ ಇಲ್ಲದವರು. ಆಮೇಲಿನ ವರ್ಷಗಳಲ್ಲಿ ಕ್ಲಿನಿಕ್‌ಗಳಿಗೆ ಬಂದವರಲ್ಲಿ ಹರೆಯ ಶುರುವಾದ ಮೇಲೆ ಸಂಕಟ ಕಂಡವರು, ಜೊತೆಗೆ ಖಿನ್ನತೆ ಅಥವಾ ಆಟಿಸಂ ಇದ್ದವರು ಹೆಚ್ಚಾದರು. ಮೊದಲ ಗುಂಪಿನ ಫಲ ಇವರಿಗೂ ಸಿಗುತ್ತದಾ ಎಂಬುದೇ ವಿವಾದದ ಮೂಲ. ಮೂಳೆ ಗಟ್ಟಿಯಾಗಬೇಕಾದ ವಯಸ್ಸಿನಲ್ಲಿ ಈ ಔಷಧ ಅದನ್ನು ನಿಧಾನ ಮಾಡುತ್ತದೆ ಎಂಬುದೂ ನಿಜ.

ಫಿನ್ಲೆಂಡ್ 2020ರಲ್ಲಿ, ಸ್ವೀಡನ್ 2022ರಲ್ಲಿ ಮಕ್ಕಳಿಗೆ ಈ ಔಷಧ ಕೊಡುವ ನಿಯಮ ಬಿಗಿ ಮಾಡಿದವು. ಇಂಗ್ಲೆಂಡಿನಲ್ಲಿ ಡಾ. ಹಿಲರಿ ಕ್ಯಾಸ್ ಅವರ ಪರಿಶೀಲನಾ ವರದಿ 2024ರ ಏಪ್ರಿಲ್‌ನಲ್ಲಿ ಬಂತು. 18ರೊಳಗಿನವರ ವಿಷಯದಲ್ಲಿ ಪುರಾವೆ ದುರ್ಬಲ, ಮಗುವನ್ನು ಇಡಿಯಾಗಿ ನೋಡಿ, ಅಧ್ಯಯನ ನಡೆಸಿ ಎಂದಿತು. ಅದೇ ವರ್ಷ ಬ್ರಿಟನ್ ಡಿಸ್ಫೋರಿಯಾಕ್ಕೆ ಈ ಔಷಧ ಹೊಸದಾಗಿ ಕೊಡುವುದನ್ನು ನಿರ್ಬಂಧಿಸಿತು. ಇನ್ನೊಂದು ಕಡೆ, ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ವೈದ್ಯರ 2025ರ ಮಾರ್ಗಸೂಚಿ ಎಚ್ಚರಿಕೆಯಿಂದ ಒಬ್ಬೊಬ್ಬರನ್ನೇ ನೋಡಿ ಕೊಡಬಹುದು ಎಂದಿತು. ಅಮೆರಿಕದಲ್ಲಿ ಇದು ರಾಜಕೀಯದ ಜಗಳವಾಯಿತು. ವೈದ್ಯರು ನಿರ್ಧರಿಸಬೇಕಾದ್ದನ್ನು ರಾಜಕಾರಣಿಗಳು ನಿರ್ಧರಿಸುವುದು ಮಕ್ಕಳಿಗೆ ಒಳ್ಳೆಯದಲ್ಲ ಎಂದೇ ನನ್ನ ಅನಿಸಿಕೆ.

ಅಮೆರಿಕದ ನಾಲ್ಕು ಆಸ್ಪತ್ರೆಗಳಲ್ಲಿ ಹಾರ್ಮೋನ್ ತಗೊಂಡ 315 ಕಿರಿಯರನ್ನು 2 ವರ್ಷ ನೋಡಿದ 2023ರ ವರದಿಯಲ್ಲಿ ಸರಾಸರಿಯಾಗಿ ಖಿನ್ನತೆ, ಆತಂಕ ಕಡಿಮೆಯಾಗಿತ್ತು. ಆದರೆ ಇಬ್ಬರು ಆತ್ಮಹತ್ಯೆ ಮಾಡಿಕೊಂಡಿದ್ದರು. ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ. ಔಷಧವೊಂದೇ ಮಗುವನ್ನು ಕಾಯುತ್ತದೆ ಎಂದು ಯಾರೂ ನಂಬಬಾರದು.

ಹಾಗಾದರೆ 13ರ ಮಗುವಿಗೆ ಏನು ಮಾಡಬೇಕು? ಹರೆಯಕ್ಕೆ ಮೊದಲಿನ ಮಕ್ಕಳಿಗೆ ಯಾವ ಔಷಧವೂ ಇಲ್ಲ, ಶಸ್ತ್ರಚಿಕಿತ್ಸೆಯೂ ಇಲ್ಲ. ಹರೆಯದವರಾದರೆ ಮಕ್ಕಳ ಮನೋವೈದ್ಯರ ಹತ್ತಿರ ಹಲವು ಸಲ ಕೂತು ಮಾತಾಡಿ. ಅವಸರದಲ್ಲಿ ಇಂಜೆಕ್ಷನ್ ಕೊಡಿಸುವವರನ್ನೂ ನಂಬಬೇಡಿ, "ಎಲ್ಲ ಮೊಬೈಲ್ ಪ್ರಭಾವ" ಎಂದು ಐದು ನಿಮಿಷದಲ್ಲಿ ಕಳಿಸುವವರನ್ನೂ ನಂಬಬೇಡಿ. ಈ ಮಧ್ಯೆ ನಿಮ್ಮ ಕೈಯಲ್ಲಿರುವ ಕೆಲಸ ಬಹಳಿದೆ. ಕೂದಲು, ಬಟ್ಟೆಗಾಗಿ ಜಗಳ ಬಿಡಿ. ಇಷ್ಟಪಟ್ಟ ಹೆಸರಿನಿಂದ ಮನೆಯಲ್ಲಿ ಕರೆಯಲು ಪ್ರಯತ್ನಿಸಿ. ಶಾಲೆಯಲ್ಲಿ ಛೇಡಿಸುವವರಿದ್ದರೆ ಹೆಡ್‌ಮಾಸ್ಟರ್ ಜೊತೆ ಮಾತಾಡಿ. ನೆಂಟರಿಗೆಲ್ಲ ಹೇಳಿಕೊಂಡು ಬರಬೇಡಿ, ಆ ಗುಟ್ಟು ಮಗುವಿನದು. ಮುಂದೆ ಮಗುವಿನ ಅನಿಸಿಕೆ ಬದಲಾದರೂ ಇದರಿಂದ ನಷ್ಟವಿಲ್ಲ.

ಸಾಯುವ ಮಾತು ಬಂದರೆ ಅದನ್ನು ಬೆದರಿಕೆ ಎಂದು ತಳ್ಳಿಹಾಕಬೇಡಿ. ಒಬ್ಬರನ್ನೇ ಬಿಡಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.

ಮುಂದೆ ಮಕ್ಕಳಾಗುತ್ತವಾ?

ಹಾರ್ಮೋನ್ ಶುರು ಮಾಡುವ ಮೊದಲೇ ಇದನ್ನು ಯೋಚಿಸಬೇಕು. ವೀರ್ಯ ಅಥವಾ ಅಂಡಾಣು ಶೇಖರಿಸಿಡಬಹುದು. ವೀರ್ಯ ಶೇಖರಣೆ ಸುಲಭ, ಅಂಡಾಣುವಿನದು ದುಬಾರಿ. ಟೆಸ್ಟೋಸ್ಟೆರಾನ್ ಗರ್ಭನಿರೋಧಕವಲ್ಲ. ಮುಟ್ಟು ನಿಂತಿದ್ದರೂ ಗರ್ಭ ನಿಲ್ಲಬಹುದು.

ಚಿಕಿತ್ಸೆ ಆದ ಮೇಲೆ ಬೇರೆ ತಪಾಸಣೆ ಬೇಕಾ?

ಮೈಯಲ್ಲಿ ಯಾವ ಅಂಗ ಇದೆಯೋ ಅದರ ತಪಾಸಣೆ ಬೇಕು. ಗರ್ಭಕೋಶದ ಕಂಠ ಇರುವ ಟ್ರಾನ್ಸ್ ಪುರುಷರಿಗೆ ಅಲ್ಲಿನ ಕ್ಯಾನ್ಸರ್ ಸುಳಿವು ಹುಡುಕುವ ಪ್ಯಾಪ್ ಪರೀಕ್ಷೆ ಬೇಕು. ಯೋನಿ ರಚನೆ ಆದ ಟ್ರಾನ್ಸ್ ಮಹಿಳೆಯರಲ್ಲೂ ಪ್ರಾಸ್ಟೇಟ್ ಗ್ರಂಥಿ ಉಳಿದಿರುತ್ತದೆ, ಅದನ್ನೂ ಮರೆಯುವಂತಿಲ್ಲ. ಎಸ್ಟ್ರಾಡಿಯಾಲ್ ತಗೊಳ್ಳುವವರು ಸ್ತನದಲ್ಲಿ ಗಂಟು ಕಂಡರೆ ತೋರಿಸಬೇಕು.

ದುಡ್ಡಿನ ವ್ಯವಸ್ಥೆ?

ಹಾರ್ಮೋನ್, ಶಸ್ತ್ರಚಿಕಿತ್ಸೆ, ಕೌನ್ಸೆಲಿಂಗ್ ಸೌಲಭ್ಯವನ್ನು ಸರ್ಕಾರ ಒದಗಿಸಬೇಕು ಎಂದು 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 15ನೇ ಕಲಂನಲ್ಲಿ ಬರೆದರು. 2022ರಲ್ಲಿ ಟ್ರಾನ್ಸ್ ವ್ಯಕ್ತಿಗಳಿಗೆ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಎಂಬ ಆರೋಗ್ಯ ವಿಮೆ ಘೋಷಣೆಯಾಯಿತು, ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಕಾಗದದ ಮೇಲೆ ಇರುವುದಕ್ಕೂ ಕೌಂಟರಿನಲ್ಲಿ ಸಿಗುವುದಕ್ಕೂ ದೂರವಿದೆ. ದಾಖಲಾಗುವ ಮೊದಲೇ ಆಸ್ಪತ್ರೆಯ ಆಯುಷ್ಮಾನ್ ಕೌಂಟರಿನಲ್ಲಿ ನಿಮಗೆ ಬೇಕಾದ ಚಿಕಿತ್ಸೆ ಅಲ್ಲಿ ಇದೆಯಾ, ಯಾವ ಕಾರ್ಡು ಬೇಕು ಎಂದು ಕೇಳಿ, ಬರೆಸಿಕೊಳ್ಳಿ. ಪಕ್ಕದ ತಮಿಳುನಾಡು 2008ರಲ್ಲೇ ಕಲ್ಯಾಣ ಮಂಡಳಿ ಮಾಡಿ, ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಶಸ್ತ್ರಚಿಕಿತ್ಸೆ ಕೊಟ್ಟಿತು. ಕರ್ನಾಟಕಕ್ಕೆ ಅದು ಆಗದ ಕೆಲಸವಲ್ಲ.

ಆಸ್ಪತ್ರೆಯವರು "ಸಂಶೋಧನೆಗೆ ಸೇರಿ" ಅಂದರೆ?

ಸೇರಬಹುದು, ಸೇರದಿರಬಹುದು. ಸೇರದಿದ್ದರೆ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಸೇರಿದ ಮೇಲೂ ಯಾವಾಗ ಬೇಕಾದರೂ ಹೊರಗೆ ಬರಬಹುದು. ಸಂಶೋಧನೆಯಲ್ಲಿ ಸೇರುವವರ ಹಿತ ಕಾಯುವ ಎಥಿಕ್ಸ್ ಸಮಿತಿ ಒಪ್ಪಿದೆಯಾ ಎಂದು ಕೇಳಿ. ಔಷಧ ಪ್ರಯೋಗವಾದರೆ ಭಾರತದ ಸಿಟಿಆರ್‌ಐ ಎಂಬ ದಾಖಲೆಯಲ್ಲಿ ನೋಂದಣಿ ಆಗಿರಬೇಕು, ಆ ಸಂಖ್ಯೆ ಕೇಳಿ ಪಡೆಯಿರಿ. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರದ ನಿಯಮ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಾವಳಿಯಲ್ಲಿದೆ.

ನಿಮ್ಮ ಹೆಸರು, ಫೋಟೊ ಎಲ್ಲಿ ಇಡುತ್ತಾರೆ, ಯಾರು ನೋಡುತ್ತಾರೆ ಎಂದೂ ಕೇಳಿ. ಊರಲ್ಲಿ ಇನ್ನೂ ಹೇಳಿಕೊಳ್ಳದವರಿಗೆ ಇದು ಸಣ್ಣ ವಿಷಯವಲ್ಲ. ಒಪ್ಪಿಗೆ ಪತ್ರವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಇಂಗ್ಲಿಷ್ ಹಾಳೆ ಮುಂದಿಟ್ಟು "ಇಲ್ಲಿ ಸಹಿ ಮಾಡಿ" ಎಂದರೆ ಕನ್ನಡದ್ದು ಕೊಡಿ ಎನ್ನಿ. ಮನೆಗೆ ತಗೊಂಡು ಹೋಗಿ, ನಂಬಿಕೆಯವರ ಜೊತೆ ಕೂತು ಓದಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಂಡೇ ಸಹಿ ಮಾಡಿ.